ಸೈಕಲ್ ಕೋಣೆಯ ಹಿರಿಯ ಸ್ವಿಚ್ಚಿನವರ ಸನ್ನಿಧಾನಕ್ಕೆ

ಬೆಳಗಿನ ಐದು ಗಂಟೆ ಹನ್ನೆರಡು ನಿಮಿಷ. ಪೀಂ, ಪೀಂ, ಪೂಂ.

ಮಾನ್ಯರೇ,

ರೋಗ್ನೆಲಿಯಾ ಗೃಹ ಸಹಕಾರ ಸಂಘದ ‘ಸಿ’ ಕಟ್ಟಡದ ನೆಲಮಾಳಿಗೆಯಲ್ಲಿ, ಸೈಕಲ್ ಕೋಣೆಯ ಎಡಗೋಡೆಯ ಮೇಲಿನ ಹಲಗೆಯ ಮೇಲೆ, ಒಣಗಿದ ಪೇಂಟಿನ ಡಬ್ಬಿಗೂ ಯಾರೋ ಬಿಟ್ಟುಹೋದ ಒಂಟಿ ಸ್ಕೀ ಬೂಟಿಗೂ ನಡುವೆ ವಿರಾಜಮಾನರಾಗಿರುವ, ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಇಪ್ಪತ್ತನಾಲ್ಕು ತೂತುಗಳ, ಬೂದು ಬಣ್ಣದ ಹಿರಿಯ ನೆಟ್‌ವರ್ಕ್ ಸ್ವಿಚ್ಚಿನವರಾದ ತಮ್ಮ ನಾಲ್ಕು ರಬ್ಬರ್ ಪಾದಗಳಿಗೆ (ಒಂದು ಬಿದ್ದುಹೋಗಿ ಈಗ ಮೂರೇ ಇವೆ ಎಂಬುದನ್ನು ಬಲ್ಲೆ) ‘ಬಿ’ ಕಟ್ಟಡದ ಎರಡನೆಯ ಮಹಡಿಯ ನಿವಾಸಿಯೂ, ಏಳು ತಿಂಗಳ ಈದುನ್‌ಳ ತಾಯಿಯೂ, ಸದ್ಯ ಹೆರಿಗೆ ರಜೆಯ ಮೇಲಿರುವ ಗ್ರಂಥಪಾಲಕಿಯೂ ಆದ ಸುನ್ನಿವಾ ಓರ್ಸೆತ್ ಎಂಬ ನಾನು ಅತ್ಯಂತ ವಿನಯದಿಂದ, ಆಕಳಿಸುತ್ತ, ನಮಸ್ಕರಿಸುತ್ತೇನೆ. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬುವುದೇನು, ಇಂದು ಸಂಜೆ ಕಣ್ಣಾರೆ ಕಂಡಿದ್ದೇನೆ. ನಾನು ಮಾತ್ರ ಕ್ಷೇಮವಾಗಿಲ್ಲ.

ಮೇಲೆ ಬರೆದ ಗಳಿಗೆ ಮತ್ತು ಸದ್ದು ತಮಗೆ ಅರ್ಥವಾಗದಿರಬಹುದು, ಏಕೆಂದರೆ ದೊಡ್ಡವರಿಗೆ ತಾವು ಮಾಡಿದ ಸದ್ದು ಕೇಳಿಸುವುದು ಕಡಿಮೆ. ನನ್ನ ದಿಂಬಿನ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿಯಿದೆ. ಪಕ್ಕದ ಕೋಣೆಯಲ್ಲಿ ಈದುನ್‌ಳ ತೊಟ್ಟಿಲ ಮೇಲಿರುವ ಕ್ಯಾಮೆರಾ ಕಂಡದ್ದನ್ನು ಈ ಡಬ್ಬಿ ನನಗೆ ತೋರಿಸುತ್ತದೆ. ಕ್ಯಾಮೆರಾದಿಂದ ಡಬ್ಬಿಗೆ ಐದೇ ಮಾರು ದೂರವಾದರೂ, ಇದನ್ನು ತಯಾರಿಸಿದವರ ಜಾಣತನದಿಂದ ಚಿತ್ರವು ‘ಬಿ’ ಕಟ್ಟಡದಿಂದ ‘ಎ’ ಕಟ್ಟಡಕ್ಕೆ ಹೋಗಿ, ಅಲ್ಲಿಂದ ಹೊರಜಗತ್ತಿಗೆ ಹೋಗಿ, ಯಾವುದೋ ದೇಶದಲ್ಲಿ ಕೈಮುಗಿದು, ಮತ್ತೆ ಅದೇ ದಾರಿಯಲ್ಲಿ ನನ್ನ ದಿಂಬಿಗೆ ಬರುತ್ತದೆ. ದಾರಿ ಕಡಿದರೆ ಡಬ್ಬಿ ಪೀಂ ಎನ್ನುತ್ತದೆ. ಎರಡನೆಯ ಪೀಂ ಎಂದರೆ ನಿಜವಾಗಿಯೂ ಕಡಿದಿದೆ ಎಂದು. ಪೂಂ ಎಂದರೆ, ತಾಯಿಯೇ, ಇನ್ನು ನಿನ್ನ ಪಾಡು ನಿನಗೆ. ಇದೇ ಸದ್ದನ್ನು ತೊಟ್ಟಿಲ ಮೇಲಿನ ಕ್ಯಾಮೆರಾವೂ ಹೊರಡಿಸುವುದರಿಂದ ಮೂವತ್ತು ಸೆಕೆಂಡಿನಲ್ಲಿ ಚಿತ್ರ ಮರಳಿ ಬರುವಷ್ಟರಲ್ಲಿ ಅದರಲ್ಲಿ ಕಾಣುವುದು ಎದ್ದು ಕುಳಿತ ಮಗು.

ಡಬ್ಬಿಯನ್ನು ಆರಿಸಬಾರದೇ ಎಂದು ತಾವು ಕೇಳಬಹುದು. ನನ್ನ ಗಂಡ ವೆಟ್ಲೆಯೂ ಕೇಳಿದ್ದಾನೆ. “ಆಫ್ ಮಾಡಿ ಮಲಗೇ ಮಾರಾಯ್ತಿ, ಅವಳು ಪಕ್ಕದ ರೂಮಲ್ಲಿದ್ದಾಳೆ, ಪಕ್ಕದ ದೇಶದಲ್ಲಲ್ಲ” ಎಂದ. ಮಾರ್ಚಿನಲ್ಲಿ ಈದುನ್‌ಗೆ ಗಂಟಲು ಕಟ್ಟಿ, ಕೆಮ್ಮು ನಾಯಿಮರಿಯ ಬೊಗಳಿಕೆಯಂತಾಗಿ, ನಾವು ಮೂವರೂ ತೆರೆದ ಕಿಟಕಿಯ ಮುಂದೆ ತಣ್ಣನೆಯ ಗಾಳಿ ಕುಡಿಯುತ್ತ ನಿಂತಿದ್ದ ರಾತ್ರಿಯಿಂದ ನಾನು ಆ ಡಬ್ಬಿಯನ್ನು ಆರಿಸಲಾರೆ. ಇದು ತಮ್ಮ ತಪ್ಪಲ್ಲ. ಇಡೀ ಪತ್ರದಲ್ಲಿ ತಮ್ಮದಲ್ಲದ ತಪ್ಪು ಇದೊಂದೇ ಎಂದು ಇಂದು ಸಂಜೆ ಸ್ವಲ್ಪ ಹೊತ್ತು ನಂಬಿದ್ದೆ.

ವಸಂತದ ಶ್ರಮದಾನ ನಡೆದು ಇಂದಿಗೆ ಹತ್ತು ದಿನ. ಅಂದು ಶನಿವಾರ ಮೂರೂ ಕಟ್ಟಡದವರು ಸೇರಿ, ಹಿಮದಲ್ಲಿ ಜಾರದಿರಲೆಂದು ಚಳಿಗಾಲದಲ್ಲಿ ಹರಡಿದ್ದ ಜಲ್ಲಿಕಲ್ಲು ಗುಡಿಸಿ, ಬೇಲಿಗೆ ಬಣ್ಣ ಬಳಿದು, ಕಂದು ಚೀಸ್ ಹಾಕಿದ ವಾಫಲ್ ತಿಂದು, ಯಾರು ಬರಲಿಲ್ಲ ಎಂಬುದನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಂಡು ಸಂತೋಷದಿಂದ ಮನೆಗೆ ಹೋದೆವು. ಅಂದು ಸಂಜೆಯಿಂದಲೇ ಪೀಂ ಶುರುವಾಯಿತು. ಎಲ್ಲರ ಮನೆಯಲ್ಲೂ ಇಂಟರ್ನೆಟ್ ಮೂವತ್ತು ಸೆಕೆಂಡು ಸಾಯುವುದು, ಆಮೇಲೆ ಹತ್ತು ನಿಮಿಷ ತೆವಳುವುದು, ಮತ್ತೆ ಮೂವತ್ತು ಸೆಕೆಂಡು ಸಾಯುವುದು, ಆಮೇಲೆ ಏನೂ ಆಗದವರಂತೆ ಓಡಾಡುವುದು. ಉಳಿದವರಿಗೆ ಇದು ಹಾಳಾದ ಸಿನಿಮಾ, ನಿಂತುಹೋದ ಸಭೆ. ನನಗೆ ಇದು ನಿದ್ದೆ.

ನಾನು ಗ್ರಂಥಪಾಲಕಿ. ನನ್ನಂಥವಳು ನಿದ್ದೆಯಿಲ್ಲದಿದ್ದರೆ ಪಟ್ಟಿ ಮಾಡುತ್ತಾಳೆ. ಈದುನ್‌ಗೆ ಹಾಲು ಕೊಟ್ಟ ಹೊತ್ತನ್ನು ಬರೆಯುವ ಪುಸ್ತಕದ ಬಲಬದಿಯಲ್ಲಿ ಪೀಂ ಬಂದ ಹೊತ್ತನ್ನೂ ಬರೆದೆ. ಎಡಬದಿಯಲ್ಲಿ ಹಾಲು, ಬಲಬದಿಯಲ್ಲಿ ತಾವು. ಪ್ರತಿ ಪೀಂ ಬಂದಾಗಲೂ ನಾನು ಓದ್‌ಮುಂಡ್‌ಗೆ ಫೋನು ಮಾಡಿದೆ.

ಓದ್‌ಮುಂಡ್ ಕ್ವಾಮ್ಮೆ ಅವರನ್ನು ತಾವು ಬಲ್ಲಿರಿ, ತಮ್ಮನ್ನು ಈ ಸಂಘಕ್ಕೆ ಹೊತ್ತು ತಂದವರೇ ಅವರು. ಎಪ್ಪತ್ತಾರರ ವಯಸ್ಸು, ಬಂದರಿನ ರೇಡಿಯೋ ಕೇಂದ್ರದಲ್ಲಿ ಮೂವತ್ತೈದು ವರ್ಷ ಹಡಗುಗಳೊಂದಿಗೆ ಮಾತಾಡಿದ ಕಿವಿ. ನಿವೃತ್ತರಾದ ಮೇಲೆ ನಮ್ಮ ಮೂರು ಕಟ್ಟಡಗಳಿಗೂ ತಾವೇ ಕೇಬಲ್ ಎಳೆದು, ಪ್ರತಿ ನೆಲಮಾಳಿಗೆಯಲ್ಲೂ ಸ್ವಿಚ್ಚು ಕೂರಿಸಿ, ಹನ್ನೆರಡು ವರ್ಷದಿಂದ ಒಂದು ಕಪ್ ಕಾಫಿಯನ್ನೂ ಕೇಳದೆ ನೋಡಿಕೊಂಡವರು. ನಾಲ್ಕು ವರ್ಷದ ಹಿಂದೆ ತಮ್ಮ ಜಾಗಕ್ಕೆ ಹೊಸಬರು ಬಂದಾಗ ಹಳೆಯದನ್ನು ಕಸಕ್ಕೆ ಹಾಕಲು ಅವರಿಗೆ ಮನಸ್ಸಾಗದೆ ತಮ್ಮನ್ನು ಈ ಹಲಗೆಯ ಮೇಲೆ ಮಲಗಿಸಿದರು. ಹೊಸಬರಿಗೆ ಬೇರೆ ಕೇಬಲ್ ಎಳೆದು, ತಮಗೆ ಬರುತ್ತಿದ್ದ ಎರಡು ಕೇಬಲ್‌ಗಳನ್ನೂ ಅಕ್ಕಪಕ್ಕದಲ್ಲೇ ತೂಗುಬಿಟ್ಟರು, ಮುಂದೆ ಯಾರಿಗಾದರೂ ಬೇಕಾದೀತೆಂದು. ಎರಡರ ತುದಿಗೂ ಚೀಟಿ: ‘ಎ’, ‘ಬಿ’.

ಅವರು ಹನ್ನೊಂದು ಪುಟದ ಒಂದು ಕೈಪಿಡಿಯನ್ನೂ ಬರೆದು, ಬಟ್ಟೆ ಒಗೆಯುವ ಕೋಣೆಯಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿದ್ದಾರೆ. ಹತ್ತು ವರ್ಷದಲ್ಲಿ ಅದನ್ನು ಪೂರ್ತಿ ಓದಿದವಳು ನಾನೊಬ್ಬಳೇ, ಅದೂ ನಿದ್ದೆ ಬರಲೆಂದು. ನಿದ್ದೆ ಬರಲಿಲ್ಲ, ಆಸಕ್ತಿ ಬಂತು. ಸ್ವಿಚ್ಚುಗಳನ್ನು ಉಂಗುರದ ಹಾಗೆ ಜೋಡಿಸಿದರೆ ಒಂದೇ ಮಾತು ಸುತ್ತುತ್ತ ಸುತ್ತುತ್ತ ಎಲ್ಲವನ್ನೂ ಮುಳುಗಿಸಿಬಿಡುತ್ತದಂತೆ. ಆದ್ದರಿಂದ ತಾವುಗಳು ತಮ್ಮತಮ್ಮಲ್ಲೇ ಚುನಾವಣೆ ಮಾಡಿ, ಒಬ್ಬರನ್ನು ಬುಡವೆಂದು ಒಪ್ಪಿ, ಅಲ್ಲಿಂದ ಮರದಂತೆ ಕೊಂಬೆ ಬಿಟ್ಟು, ಹೆಚ್ಚಾದ ಒಂದು ದಾರಿಯನ್ನು ಮುಚ್ಚಿಡುತ್ತೀರಂತೆ. ಇದಕ್ಕೇ ಸ್ಪ್ಯಾನಿಂಗ್ ಟ್ರೀ ಎನ್ನುವುದು ಎಂದು ಬರೆದು, ಪಕ್ಕದಲ್ಲಿ ಒಂದು ರೋವನ್ ಮರ ಬಿಡಿಸಿದ್ದಾರೆ, ಹಣ್ಣುಗಳ ಸಮೇತ. ಮುಚ್ಚಿದ ದಾರಿಗೆ ಕಿತ್ತಳೆ ದೀಪ, ತೆರೆದ ದಾರಿಗೆ ಹಸಿರು.

ಏಳನೆಯ ಪುಟದಲ್ಲಿ ಅವರ ಹೆಮ್ಮೆಯಿದೆ. ‘ಎ’ಗೂ ‘ಬಿ’ಗೂ ನಡುವೆ ಓಡುವ ಎರಡು ಕೇಬಲ್‌ಗಳನ್ನು ಅವರು ಒಂದೇ ಎಂದು ನಂಬುವಂತೆ ಜೋಡಿಸಿದ್ದಾರೆ. ಲಿಂಕ್ ಅಗ್ರಿಗೇಶನ್ ಎಂದು ಹೆಸರು. ಒಂದಕ್ಕೆ ಎರಡರ ಬಲ, ಒಂದು ಕಡಿದರೂ ಇನ್ನೊಂದು ಎಳೆಯುತ್ತದೆ. ಆದರೆ ಎರಡು ತುದಿಯವರೂ ‘ನಾವಿಬ್ಬರೂ ಒಂದು ಜೋಡಿ’ ಎಂದು ಒಪ್ಪಿರಬೇಕು, ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ಕೆಟ್ಟಿತು ಎಂಬ ಎಚ್ಚರಿಕೆಯೂ ಇದೆ. ಇದನ್ನು ಓದಿ ನಾನು ವೆಟ್ಲೆಯ ಕಡೆ ನೋಡಿದೆ. ಅವನು ಗೊರಕೆ ಹೊಡೆಯುತ್ತಿದ್ದ.

ಈ ಎಚ್ಚರಿಕೆಯೇ ಓದ್‌ಮುಂಡ್‌ಗೆ ಮುಳುವಾಯಿತು. ನನ್ನ ಫೋನು ಹೋದಾಗಲೆಲ್ಲ ಅವರು ಚಪ್ಪಲಿಯಲ್ಲೇ ‘ಎ’ ಕಟ್ಟಡದ ನೆಲಮಾಳಿಗೆಗೆ ಓಡಿ, ಕನ್ನಡಕ ಹುಡುಕಿ, ನೋಡುತ್ತಿದ್ದರು. ಜೋಡಿ ಕೇಬಲ್‌ನ ‘ಎ’ ತುದಿಯಲ್ಲಿ ಕಿತ್ತಳೆ. ‘ಬಿ’ಗೆ ಓಡಿದರೆ ಅಲ್ಲಿ ಹಸಿರು. ಒಂದು ತುದಿ ಒಪ್ಪುತ್ತಿದೆ, ಇನ್ನೊಂದು ಒಪ್ಪುತ್ತಿಲ್ಲ ಎಂದು ತೀರ್ಮಾನಿಸಿ ಒಂದು ಕೇಬಲ್ ಬದಲಾಯಿಸುವಷ್ಟರಲ್ಲಿ ಎರಡೂ ಹಸಿರಾಗಿ, ಅವರು ಗೆದ್ದೆನೆಂದು ಮೇಲೆ ಹೋಗಿ ಕಾಫಿಗೆ ನೀರಿಡುವಷ್ಟರಲ್ಲಿ ನನ್ನ ಫೋನು. ಮೂರು ದಿನದಲ್ಲಿ ಎರಡೂ ಕೇಬಲ್‌ಗಳನ್ನು ಎರಡೆರಡು ಸಲ ಬದಲಿಸಿದರು, ಜೋಡಿಯನ್ನು ಬಿಚ್ಚಿದರು, ಮತ್ತೆ ಕಟ್ಟಿದರು. ಮುಚ್ಚಿದ ದಾರಿಗೆ ಒಂದು ತುದಿಯಲ್ಲಿ ಮಾತ್ರ ಕಿತ್ತಳೆ ಇರುತ್ತದೆಂಬುದು ಅವರದೇ ಐದನೆಯ ಪುಟದಲ್ಲಿದೆ. ಆದರೆ ಮುಚ್ಚುವವರು ಯಾರಿದ್ದಾರೆ? ಉಂಗುರವೇ ಇಲ್ಲವಲ್ಲ, ತಾವು ಮಲಗಿದ್ದೀರಲ್ಲ ಎಂದು ಅವರ ಎಣಿಕೆ.

ಸಂಘದ ಅಧ್ಯಕ್ಷೆ ಗುನ್‌ವೋರ್ ಹೊರಗಿನ ಕಂಪನಿಯವರನ್ನು ಕರೆಸಿದರು. ಅವರ ತಜ್ಞ ಬೆಳಿಗ್ಗೆ ಹನ್ನೊಂದಕ್ಕೆ ಕಾರಿನಲ್ಲಿ ಬಂದು, ಎಲ್ಲ ದೀಪವೂ ಹಸಿರಾಗಿರುವುದನ್ನು ನೋಡಿ, ಈ ಜೋಡಿ ಗೀಡಿ ಎಲ್ಲ ಕಿತ್ತುಹಾಕಿ ಇಡೀ ನೆಟ್‌ವರ್ಕನ್ನು ನಮ್ಮ ಕೈಗೆ ಕೊಟ್ಟರೆ ಒಳ್ಳೆಯದು ಎಂದು ಹೇಳಿ ಹೋದ. ಮೊನ್ನೆ ಭಾನುವಾರ ಬಟ್ಟೆ ಒಗೆಯುವ ಕೋಣೆಯಲ್ಲಿ ಸಭೆ ಸೇರಿತು.

ಮಾನ್ಯರೇ, ಆ ಸಭೆಯನ್ನು ನಾನು ವಿವರಿಸಲೇಬೇಕು, ಏಕೆಂದರೆ ಅಲ್ಲಿ ಸೋತವರು ತಮ್ಮ ಪರವಾಗಿ ಸೋತರು. ಗುನ್‌ವೋರ್ ಕೆಟ್ಟವರಲ್ಲ, ಓದ್‌ಮುಂಡ್‌ರ ಕೂಡ ಒಂದೇ ಶಾಲೆಗೆ ಹೋದವರು. “ಯಾರೂ ನಿನ್ನನ್ನ ದೂರ್ತಾ ಇಲ್ಲ ಓದ್‌ಮುಂಡ್. ಆದ್ರೆ ಎಪ್ಪತ್ತಾರು ಅಂದ್ರೆ ಎಪ್ಪತ್ತಾರೇ” ಎಂದರು. ಅವರು ದೂರಲಿಲ್ಲ, ನಿಜ. ದೂರಿದವಳು ನಾನು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಎದ್ದುನಿಂತು, ಹಾಲಿನ ಪುಸ್ತಕದ ಬಲಬದಿಯನ್ನು ದಿನ, ಗಂಟೆ, ನಿಮಿಷದ ಸಮೇತ ಓದಿದೆ. ಎಂಟು ದಿನದಲ್ಲಿ ನೂರ ಆರು ಸಲ.

ಓದ್‌ಮುಂಡ್ ತಮ್ಮ ಕೈಗಳನ್ನು ನೋಡಿಕೊಂಡರು. “ಕೇಬಲ್ ಸರಿಯಾಗಿವೆ ಗುನ್‌ವೋರ್. ತಪ್ಪು ಎಲ್ಲೋ ಇದೆ, ನನಗೆ ಕಾಣ್ತಾ ಇಲ್ಲ, ಅಷ್ಟೆ. ಕಾಣದವನ ಹತ್ರ ಕೀಲಿ ಇರಬಾರದು” ಎಂದು ಅಲ್ಲೇ ಒಂದು ಹಾಳೆಯಲ್ಲಿ ರಾಜೀನಾಮೆ ಬರೆದು, ಮಡಿಸಿ, ಲಕೋಟೆಗೆ ಹಾಕಿ, ಅಧ್ಯಕ್ಷೆಯ ಕೈಗೆ ಕೊಟ್ಟು, ದೋಣಿ ಹತ್ತಿ, ಫಿಯೋರ್ಡ್ ಎಂಬ ನಮ್ಮ ಕಿರಿದಾದ ಕಡಲತೋಳಿನ ಬಾಯಲ್ಲಿರುವ ತಮ್ಮ ದ್ವೀಪದ ಗುಡಿಸಲಿಗೆ ಹೊರಟುಹೋದರು. ನಾಳೆ ಬುಧವಾರ ಬೆಳಿಗ್ಗೆ ಎಂಟಕ್ಕೆ ಆ ಲಕೋಟೆಯನ್ನು ಒಡೆದು ಓದಿ, ಕೀಲಿಯನ್ನು ಕಂಪನಿಯವರಿಗೆ ಕೊಡಲಾಗುತ್ತದೆ.

ಇನ್ನು ತಮ್ಮ ಮಹಿಮೆ.

ನನ್ನ ಪಟ್ಟಿಯಲ್ಲಿ ಕೆಲವು ವಿಚಿತ್ರಗಳಿದ್ದವು. ಗುರುವಾರ ಇಡೀ ದಿನ ಮಳೆ, ನಾಲ್ಕೇ ಪೀಂ. ಶುಕ್ರವಾರ ಹೊಳೆಯುವ ಬಿಸಿಲು, ಹತ್ತೊಂಬತ್ತು. ನಾನು ವೆಟ್ಲೆಯನ್ನು ಎಬ್ಬಿಸಿ ಇಂಟರ್ನೆಟ್ಟಿಗೆ ಬಿಸಿಲು ಆಗಿಬರುವುದಿಲ್ಲ ಎಂದು ತಿಳಿಸಿದೆ. ಅವನು ನನ್ನ ಹಣೆ ಮುಟ್ಟಿ ನೋಡಿದ. ದಿನವೂ ಐದು ಹನ್ನೆರಡಕ್ಕೆ ಒಂದು, ಐದು ಇಪ್ಪತ್ತಮೂರಕ್ಕೆ ಇನ್ನೊಂದು ತಪ್ಪದೆ ಬರುತ್ತಿದ್ದವು, ಎರಡು ಭಾನುವಾರ ಬಿಟ್ಟು. ಭಾನುವಾರ ದೇವರಿಗೆ ವಿಶ್ರಾಂತಿ ಎಂದು ಕೇಳಿದ್ದೆ. ದೋಷಕ್ಕೂ ವಿಶ್ರಾಂತಿ ಇರುತ್ತದೆಂದು ಗೊತ್ತಿರಲಿಲ್ಲ.

ಇಂದು ಸಂಜೆ ಆರಕ್ಕೆ ಈದುನ್‌ಳ ತಳ್ಳುಗಾಡಿಯ ಚಕ್ರಕ್ಕೆ ಗಾಳಿ ಬೇಕಾಗಿ, ಪಂಪು ಹುಡುಕುತ್ತ ಈ ಸೈಕಲ್ ಕೋಣೆಗೆ ಬಂದೆ. ಬಾಗಿಲು ತೆರೆದೊಡನೆ ದೀಪ ತಾನಾಗಿಯೇ ಹೊತ್ತಿತು. ಕಳೆದ ಶರತ್ಕಾಲದಲ್ಲಿ ಸಮಿತಿಯವರು ವಿದ್ಯುತ್ ಉಳಿಸಲೆಂದು ಈ ಕೋಣೆಯನ್ನು ಇಡಿಯಾಗಿ, ದೀಪ, ಪ್ಲಗ್ಗು, ಎಲ್ಲ ಸೇರಿಸಿ, ಒಳಗೆ ಯಾರಾದರೂ ಅಲುಗಾಡಿದರೆ ಮಾತ್ರ ವಿದ್ಯುತ್ ಹರಿಯುವ ಹಾಗೆ ಮಾಡಿಸಿದ್ದಾರೆ. ಅಲುಗಾಟ ನಿಂತು ಹತ್ತು ನಿಮಿಷವಾದರೆ ಎಲ್ಲವೂ ಆರುತ್ತದೆ. ದೀಪ ಹೊತ್ತಿದ ಕ್ಷಣದಲ್ಲೇ ನನ್ನ ತಲೆಯ ಮೇಲೆ ಗುರ್ರೆಂದು ಒಂದು ಫ್ಯಾನು ತಿರುಗಿತು. ಕತ್ತೆತ್ತಿದೆ. ತಾವು ಎದ್ದಿದ್ದಿರಿ. ಒಂದೊಂದಾಗಿ ದೀಪ ಬಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ಎರಡು ಕೇಬಲ್‌ಗಳನ್ನು ಎರಡು ಕೈಗಳಂತೆ ಹಿಡಿದುಕೊಂಡು ಕುಳಿತಿದ್ದಿರಿ. ತುಸು ಹೊತ್ತಿಗೆ ಮನೆಯಿಂದ ವೆಟ್ಲೆಯ ಸಂದೇಶ: “ಮತ್ತೆ ಹೋಯ್ತು.”

ನಾನು ಪಂಪು ಹಿಡಿದು ಕಲ್ಲಿನಂತೆ ನಿಂತೆ. ಹತ್ತು ನಿಮಿಷಕ್ಕೆ ಕತ್ತಲಾಯಿತು, ಫ್ಯಾನು ನಿಟ್ಟುಸಿರಿಟ್ಟಿತು, ವೆಟ್ಲೆಯ ಸಂದೇಶ ಬಂತು: “ಮತ್ತೆ.” ಕೈ ಬೀಸಿದೆ, ತಾವು ಎದ್ದಿರಿ. “ಮತ್ತೆ. ಪಂಪು ಸಿಗ್ತಾ?” ಹೀಗೆ ಮೂರು ಸಲ. ಮೂರನೆಯ ಸಲ ಕತ್ತಲಲ್ಲಿ ನಿಂತಿದ್ದಾಗ ಸೈಕಲ್ ಇಡಲು ಬಂದ ನಾಲ್ಕನೆಯ ಮಹಡಿಯ ಹುಡುಗಿ ಬಾಗಿಲು ತೆರೆದು, ದೀಪ ಹೊತ್ತಿ, ಪಂಪನ್ನು ಎದೆಗೊತ್ತಿಕೊಂಡು ಅಲುಗಾಡದೆ ನಿಂತ ನನ್ನನ್ನು ಕಂಡು, “ಹೈ” ಎಂದು ಹೇಳಿ ಸೈಕಲನ್ನು ವಾಪಸ್ ತೆಗೆದುಕೊಂಡು ಹೋದಳು.

ಆಗ ನನಗೆ ಎಲ್ಲವೂ ಹೊಳೆಯಿತು. ಯಾರಾದರೂ ಸೈಕಲ್ ತೆಗೆಯಲು ಬಂದಾಗಲೆಲ್ಲ ತಾವು ಏಳುತ್ತೀರಿ, ಎದ್ದೊಡನೆ ಮೂರು ಕಟ್ಟಡಗಳು ಸೇರಿ ಉಂಗುರವಾಗುತ್ತದೆ, ಉಂಗುರವಾದೊಡನೆ ಚುನಾವಣೆ. ಓದ್‌ಮುಂಡ್ ಎಲ್ಲ ಸ್ವಿಚ್ಚುಗಳಿಗೂ ಒಂದೇ ದರ್ಜೆ ಕೊಟ್ಟಿದ್ದಾರೆ. ಎಂಟನೆಯ ಪುಟದಲ್ಲಿ ಅದಕ್ಕೆ ಕಾರಣವನ್ನೂ ಬರೆದಿದ್ದಾರೆ: ನಮ್ಮ ಸಂಘದಲ್ಲಿ ಎಲ್ಲರೂ ಸಮಾನರು. ದರ್ಜೆ ಸಮವಾದರೆ ಕಾರ್ಖಾನೆಯಲ್ಲಿ ಕೊಟ್ಟ ಹುಟ್ಟುಸಂಖ್ಯೆ ಯಾರದು ಚಿಕ್ಕದೋ ಅವರಿಗೆ ಪಟ್ಟ, ಅಂದರೆ ಎಲ್ಲರಿಗಿಂತ ಹಳಬರಿಗೆ. ಎಂಥ ನಾಯಕತ್ವ ತಮ್ಮದು. ಭಾಷಣವಿಲ್ಲ, ಪ್ರಚಾರವಿಲ್ಲ, ನಾಲ್ಕು ವರ್ಷ ಪೇಂಟಿನ ಡಬ್ಬಿಯ ಪಕ್ಕ ಮಲಗಿದ್ದು, ಕಣ್ಣು ಬಿಟ್ಟ ಗಳಿಗೆಯಲ್ಲೇ ಅವಿರೋಧವಾಗಿ ಗದ್ದುಗೆ ಏರಿ, ಓದ್‌ಮುಂಡ್‌ರ ಬಲಶಾಲಿ ಜೋಡಿಗೆ ‘ನೀವು ಸುಮ್ಮನಿರಿ’ ಎಂದು ಕಿತ್ತಳೆ ದೀಪ ತೋರಿಸಿ, ಎರಡು ಕಟ್ಟಡದ ಎಲ್ಲ ಸಿನಿಮಾ, ಸಭೆ, ಕ್ಯಾಮೆರಾಗಳನ್ನು ತಮ್ಮ ವಯೋವೃದ್ಧ ಬೆನ್ನಿನ ಮೇಲೆ ಹೊತ್ತು, ಹತ್ತೇ ನಿಮಿಷ ಆಳಿ, ವಿದ್ಯುತ್ ಹೋದೊಡನೆ ಸಿಂಹಾಸನದ ಮೇಲೆಯೇ ನಿದ್ದೆ ಹೋಗಿ, ಪ್ರಜೆಗಳನ್ನು ಮತ್ತೊಂದು ಚುನಾವಣೆಗೆ ತಳ್ಳುತ್ತೀರಿ. ದಿನಕ್ಕೆ ಏಳೆಂಟು ಬಾರಿ ಪಟ್ಟಾಭಿಷೇಕ. ಯಾವ ರಾಜನೂ ಇಷ್ಟು ಸಲ ಕಿರೀಟ ತೊಟ್ಟಿರಲಾರ. ಇಷ್ಟು ಸುಖವಾಗಿ ಮಲಗಿಯೂ ಇರಲಾರ.

ಆದಕಾರಣ ತಾವು ದಯಮಾಡಿ ಒಂದೋ ಪೂರ್ತಿ ಎಚ್ಚರವಾಗಿರಬೇಕೆಂದೂ, ಇಲ್ಲವೇ ಪೂರ್ತಿ ಮಲಗಬೇಕೆಂದೂ, ಎರಡರ ನಡುವಿನ ಸ್ಥಿತಿಯನ್ನು ಏಳು ತಿಂಗಳ ಮಗುವಿನ ತಾಯಂದಿರಿಗೆ ಬಿಟ್ಟುಕೊಡಬೇಕೆಂದೂ, ಮೇ ಹದಿನೇಳರ ರಾಷ್ಟ್ರೀಯ ದಿನದ ಮೆರವಣಿಗೆಯ ಒಳಗಾಗಿ ಲಿಖಿತ ರಾಜೀನಾಮೆ ಸಲ್ಲಿಸಿ ಅದರ ಒಂದು ಪ್ರತಿಯನ್ನು ಈದುನ್‌ಳ ತೊಟ್ಟಿಲಿಗೆ ಕಟ್ಟಬೇಕೆಂದೂ, ಮುಂದಿನ ಶ್ರಮದಾನಕ್ಕೆ ಖುದ್ದಾಗಿ ಬಂದು ಜಲ್ಲಿಕಲ್ಲು ಗುಡಿಸಬೇಕೆಂದೂ ಕೋರುತ್ತೇನೆ. ಹೀಗೆ ಬರೆದು ಸಹಿ ಮಾಡಿ ಮನೆಗೆ ಹೋಗಬೇಕೆಂದಿದ್ದೆ.

ಅಷ್ಟರಲ್ಲಿ, ಮಲಗಿದ್ದವರನ್ನು ಎಬ್ಬಿಸಿದವರು ಯಾರು ಎಂಬ ಪ್ರಶ್ನೆ ಬಂತು.

ಶ್ರಮದಾನದ ದಿನ ಗುನ್‌ವೋರ್ ಎಲ್ಲರಿಗೂ ಕೆಲಸ ಹಂಚುತ್ತ, ಎದೆಗೆ ಮಗು ಕಟ್ಟಿಕೊಂಡು ನಿಂತಿದ್ದ ನನ್ನನ್ನು ನೋಡಿ, “ನೀನು ಹಗುರದ್ದು ಏನಾದ್ರೂ ಮಾಡು, ಸೈಕಲ್ ರೂಮಿನ ಹಲಗೆ ಒರೆಸು” ಎಂದಿದ್ದರು. ನಾನು ಒರೆಸಿದೆ. ಚೆನ್ನಾಗಿಯೇ ಒರೆಸಿದೆ. ಆ ಹಿಂದಿನ ರಾತ್ರಿ ಎರಡು ಗಂಟೆ ಮಲಗಿದ್ದೆ, ತೂಗಾಡುವುದನ್ನು ಕಂಡರೆ ಸಹಿಸಲಾಗದ ಸ್ಥಿತಿಯಲ್ಲಿದ್ದೆ. ಒಂದು ಪೆಟ್ಟಿಗೆ, ಮೂರು ಬಳ್ಳಿಗಳು, ಎಲ್ಲವೂ ಸಡಿಲ. ಪುಸ್ತಕ ತಲೆಕೆಳಗಾಗಿದ್ದರೆ ಸರಿಮಾಡುವ ಕೈ ಇದು. ಕರೆಂಟಿನದು ಕರೆಂಟಿಗೆ, ‘ಎ’ ಎಂಬುದು ಒಂದು ತೂತಿಗೆ, ‘ಬಿ’ ಎಂಬುದು ಪಕ್ಕದ ತೂತಿಗೆ, ಕ್ಲಿಕ್, ಕ್ಲಿಕ್. ಆ ಕ್ಲಿಕ್ ಸದ್ದು ಎಷ್ಟು ಹಿತವಾಗಿತ್ತೆಂದು ಈಗಲೂ ನೆನಪಿದೆ. ಪೆಟ್ಟಿಗೆಯ ಮೇಲೆ ಧೂಳು ಹಿಡಿದ ಒಂದು ಅಂಟುಚೀಟಿ ಇತ್ತು, ಅದನ್ನೂ ಉಗುರಿನಿಂದ ಎಬ್ಬಿಸಿ ತೆಗೆದೆ. ಆಮೇಲೆ ಎರಡು ವಾಫಲ್ ತಿಂದೆ, ನಾನು ದುಡಿದಿದ್ದೇನೆ ಎಂಬ ಸಮಾಧಾನದಿಂದ.

ಇಂದು ಮೇಲೆ ಹೋಗಿ ಮಗು ಕಟ್ಟಿಕೊಳ್ಳುವ ಬಟ್ಟೆಯ ಜೇಬು ತಡಕಿದೆ. ಬಿಸ್ಕತ್ತಿನ ಪುಡಿಯ ಜೊತೆ ಚೀಟಿ ಸಿಕ್ಕಿತು. ಓದ್‌ಮುಂಡ್‌ರ ದುಂಡು ಅಕ್ಷರ: ‘ಇವರು ದುಡಿದು ದಣಿದವರು. ಎಬ್ಬಿಸಬೇಡಿ.’

ಮಾನ್ಯರೇ, ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ನಕ್ಕೆ. ವೆಟ್ಲೆ ಬಂದು ಓದಿ ಅವನೂ ನಕ್ಕ. ಈದುನ್ ಏನೂ ತಿಳಿಯದೆ ನಮ್ಮಿಬ್ಬರಿಗಿಂತ ಜೋರಾಗಿ ನಕ್ಕಳು. ಆಮೇಲೆ ನನಗೆ ಆ ಲಕೋಟೆ ನೆನಪಾಯಿತು, ನಗು ನಿಂತಿತು. ದಣಿದ ಒಬ್ಬರನ್ನು ನಾನೇ ಎಬ್ಬಿಸಿದೆ, ದಣಿಯದ ಒಬ್ಬರನ್ನು ನಾನೇ ಮಲಗಿಸಿದೆ, ಎರಡೂ ಒಳ್ಳೆಯ ಮನಸ್ಸಿನಿಂದ, ಎರಡನೆಯದನ್ನು ಪಟ್ಟಿಯ ಸಮೇತ.

ಎಂಟೂ ನಲವತ್ತಕ್ಕೆ ಗುನ್‌ವೋರ್‌ಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು “ಅಯ್ಯೋ ದೇವರೇ” ಎಂದರು, ಆಮೇಲೆ ಹೇಳಿದರು: “ಲಕೋಟೆ ನನ್ನ ಮೇಜಿನ ಮೇಲಿದೆ. ಅವನು ಬರೆದದ್ದನ್ನ ನಾನು ಹರಿಯೋಕಾಗಲ್ಲ. ಒಡೆಯೋ ಮುಂಚೆ ಅವನೇ ಬೇಡ ಅಂದ್ರೆ ಮುಗೀತು. ನನ್ನ ಫೋನು ಅವನು ಎತ್ತಲ್ಲ. ನಿಂದು ಎತ್ತಾನಾ?” ನನ್ನದು ಎತ್ತುವುದಿಲ್ಲ. ಇಂದು ಸಂಜೆಯಿಂದ ಹದಿಮೂರು ಸಲ ಮಾಡಿದೆ. ಯಾಕೆ ಎತ್ತಬೇಕು? ಹತ್ತು ದಿನದಿಂದ ಆ ಸಂಖ್ಯೆಯಿಂದ ಅವರಿಗೆ ಬಂದದ್ದೆಲ್ಲ ಪೀಂ. ವೆಟ್ಲೆಯ ಫೋನಿನಿಂದಲೂ ನಾನೇ ಬೈದಿದ್ದೇನೆ. ಸಂದೇಶ ಕಳಿಸಿದರೆ ಅವರು ಅದನ್ನು ಬೇಸಿಗೆ ಮುಗಿದ ಮೇಲೆ ಓದುತ್ತಾರೆ. ಉಳಿದವರೂ ಅವರಿಗೆ ಫೋನು ಮಾಡಿ ದೂರಿದವರೇ, ಮೂರು ಕಟ್ಟಡಗಳಲ್ಲಿ ಒಬ್ಬರನ್ನು ಬಿಟ್ಟು.

ಇನ್ನು ಆ ಒಬ್ಬರ ಬಾಗಿಲು ತಟ್ಟಬಹುದಿತ್ತು. ಆದರೆ ಈ ಪತ್ರ ಬರೆಯುವ ಹೊತ್ತಿಗೆ ಗಂಟೆ ಒಂಬತ್ತು ದಾಟಿದೆ, ಮತ್ತು ರೋಗ್ನೆಲಿಯಾದಲ್ಲಿ ಒಂಬತ್ತರ ಮೇಲೆ ನೆರೆಯವರ ಕರೆಗಂಟೆ ಒತ್ತುವುದು ಬೆಂಕಿ ಬಿದ್ದಾಗ ಮಾತ್ರ, ಅದೂ ಸಣ್ಣ ಬೆಂಕಿಯಾದರೆ ಎರಡು ಸಲ ಯೋಚಿಸಬೇಕು. ನಾವು ಚೀಟಿ ಅಂಟಿಸುವ ಜನ. ಮೆಟ್ಟಿಲಲ್ಲಿ ಬೂಟು ಬಿಟ್ಟವರಿಗೆ, ಒಗೆಯುವ ಯಂತ್ರದಲ್ಲಿ ನಾಯಿಯ ಕೂದಲು ಬಿಟ್ಟವರಿಗೆ ನಾವು ಮುಖತಃ ಏನೂ ಹೇಳುವುದಿಲ್ಲ, ಚೀಟಿ ಬರೆದು ಕೊನೆಯಲ್ಲಿ ನಗುಮುಖ ಬಿಡಿಸುತ್ತೇವೆ. ಹಾಗಾಗಿ ನಾನೂ ಬರೆದಿದ್ದೇನೆ, ಸ್ವಲ್ಪ ಉದ್ದವಾಗಿ.

ತಮ್ಮ ಪ್ಲಗ್ಗನ್ನು ನಾನು ಕಿತ್ತಿಲ್ಲ. ಅದನ್ನು ಕೀಳುವ ಗೌರವ ಓದ್‌ಮುಂಡ್‌ಗೆ ಸೇರಿದ್ದು. ಇನ್ನೊಂದು ಕಾರಣವೂ ಇದೆ, ಅದನ್ನು ಕೆಳಗೆ ಹೇಳುತ್ತೇನೆ. ಇಂದು ರಾತ್ರಿಯ ಮಟ್ಟಿಗೆ ತಾವು ಇನ್ನೂ ರಾಜರು. ಸುಖವಾಗಿರಿ.

ಹತ್ತು ದಿನದ ನಿದ್ದೆಯನ್ನು ತಮ್ಮಲ್ಲಿ ಅಡವಿಟ್ಟಿರುವ,
ತಮ್ಮ ವಿಶ್ವಾಸಿ,
ಸುನ್ನಿವಾ ಓರ್ಸೆತ್
(ತಮ್ಮನ್ನು ಎಬ್ಬಿಸಿದವಳು)

ಮರೆತಿದ್ದ ಮಾತು: ಮಾನ್ಯರೇ, ತಮಗೆ ಓದಲು ಬರುವುದಿಲ್ಲವೆಂದು ಕೈಪಿಡಿಯ ಎರಡನೆಯ ಪುಟದಲ್ಲಿದೆ. ಆದ್ದರಿಂದಲೇ ಈ ಪತ್ರವನ್ನು ತಮ್ಮ ಹಲಗೆಗೆ ಅಂಟಿಸದೆ, ಕೆಳಗಿರುವ ನೀಲಿ ಸೈಕಲ್ಲಿನ ಸೀಟಿಗೆ ಅಂಟಿಸಿದ್ದೇನೆ. ಅದರ ಒಡೆಯ ಮಗ್ನೆ, ‘ಸಿ’ ಕಟ್ಟಡದ ನೆಲಮಹಡಿಯವನು, ಬೇಕರಿಯಲ್ಲಿ ಕೆಲಸ. ರಾತ್ರಿ ಎಂಟಕ್ಕೆ ಮಲಗಿ, ಬೆಳಿಗ್ಗೆ ಐದು ಹನ್ನೆರಡಕ್ಕೆ ಈ ಬಾಗಿಲು ತೆರೆಯುತ್ತಾನೆ, ಭಾನುವಾರ ಬಿಟ್ಟು.

ಮಗ್ನೆ, ನಿಮಗೆ ನಮಸ್ಕಾರ. ಮೂರು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ‘ಹೈ’ ಬಿಟ್ಟು ಬೇರೇನೂ ಹೇಳಿಲ್ಲ, ಅದಕ್ಕೆ ಇಷ್ಟು ಮಾತು ಕೂಡಿಬಿದ್ದಿದೆ. ದೀಪ ಹತ್ತು ನಿಮಿಷ ಇರುತ್ತದೆ. ನಡುವೆ ಆರಿದರೆ ಕೈ ಬೀಸಿ. ಪ್ರತಿ ಶನಿವಾರ ಓದ್‌ಮುಂಡ್‌ಗೆ ಏಲಕ್ಕಿ ಬನ್ ಕೊಡುವವರು ನೀವು. ಒಂದು ಸಲವೂ ಇಂಟರ್ನೆಟ್ಟಿನ ಬಗ್ಗೆ ದೂರು ಹೇಳದವರೂ ನೀವೊಬ್ಬರೇ. ನಿಮ್ಮ ಫೋನನ್ನು ಅವರು ಎತ್ತುತ್ತಾರೆ. ಐದೂವರೆಯ ಹವಾಮಾನ ವರ್ತಮಾನ ಕೇಳಲು ಅವರು ಐದಕ್ಕೇ ಎದ್ದಿರುತ್ತಾರೆ. ಹೆಚ್ಚು ಹೇಳಬೇಕಾಗಿಲ್ಲ, ನಿಮಗೆ ಅದು ಇಷ್ಟವಿಲ್ಲವೆಂದು ಗೊತ್ತು. ಜೋಡಿ ಕೇಬಲ್ ಸರಿಯಾಗಿಯೇ ಇತ್ತು, ಮಲಗಿದ್ದವರನ್ನು ಸುನ್ನಿವಾ ಎಬ್ಬಿಸಿದಳು, ಗುನ್‌ವೋರ್‌ಗೆ ಒಂದು ಮಾತು ಹೇಳಿ ಲಕೋಟೆ ವಾಪಸ್ ತೆಗೆದುಕೊಳ್ಳಿ ಎಂದು ಅವರಿಗೆ ತಿಳಿಸಿ. ಅಷ್ಟೆ.

ಐದು ಹನ್ನೆರಡಕ್ಕೆ ನನ್ನ ದಿಂಬಿನ ಪಕ್ಕದಲ್ಲಿ ಪೀಂ, ಪೀಂ, ಪೂಂ ಎಂದರೆ ನೀವು ಒಳಗೆ ಬಂದಿರಿ, ಇದನ್ನು ಓದುತ್ತಿದ್ದೀರಿ ಎಂದು ನನಗೆ ಗೊತ್ತಾಗುತ್ತದೆ. ಪ್ಲಗ್ಗು ಕೀಳದಿರಲು ಇದೇ ಆ ಇನ್ನೊಂದು ಕಾರಣ. ಹತ್ತು ದಿನದಲ್ಲಿ ಮೊದಲ ಬಾರಿಗೆ ಆ ಸದ್ದಿಗಾಗಿ ಕಾಯುತ್ತ ಮಲಗುತ್ತೇನೆ. ಮಗು ಎದ್ದರೆ ಏಳಲಿ. ದಯವಿಟ್ಟು, ಗುನ್‌ವೋರ್ ಬೆಳಗಿನ ಕಾಫಿ ಮುಗಿಸಿ ಲಕೋಟೆಗೆ ಕೈ ಹಾಕುವ ಮುಂಚೆ, ಬನ್ನಿಗೆ ಹಿಟ್ಟು ಕಲಸುವ ಮುಂಚೆ, ಸೈಕಲ್ ಹತ್ತುವ ಮುಂಚೆ, ಇಲ್ಲೇ ನಿಂತು ಫೋನು ಮಾಡಿ.